ಬಾಲ್ಕನ್ ಬೆಟ್ಟಗಳಲ್ಲಿ ಬೈಕ್ ರೈಡ್: ರೂಟ್ ಹಾಕೋರು ಪದೇ ಪದೇ ಕೇಳುವ ಪ್ರಶ್ನೆಗಳು

ಮ್ಯೂನಿಕ್, ಫ್ರಾಂಕ್‌ಫರ್ಟ್ ಕಡೆ ಕೆಲಸದಲ್ಲಿರೋ ನಮ್ಮವರು, ಬೆಂಗಳೂರಿಂದ ಎರಡು ವಾರ ರಜಾ ಹಾಕಿ ಹೋಗೋರು, ಇಬ್ಬರೂ ಕೇಳೋ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ಅದಕ್ಕೆ ಎಲ್ಲಾ ಒಂದೇ ಕಡೆ ಬರೆದಿಟ್ಟಿದೀನಿ. ನನಗೆ ಈ ಬೆಟ್ಟಗಳು ತುಂಬಾ ಇಷ್ಟ, ಹಾಗಾಗಿ ಕೆಲವು ಕಡೆ ಉತ್ತರ ಉದ್ದ ಆಗಿದೆ.

ಬಾಲ್ಕನ್ ಅಂದ್ರೆ ಯಾವ್ಯಾವ ದೇಶ? ಎಲ್ಲಾನೂ ಒಂದೇ ಟ್ರಿಪ್ಪಲ್ಲಿ ಮುಗಿಸ್ಬೋದಾ?

ಕ್ರೊಯೇಷಿಯಾ, ಬೋಸ್ನಿಯಾ, ಮಾಂಟೆನೆಗ್ರೊ, ಅಲ್ಬೇನಿಯಾ, ಕೊಸೊವೊ, ಉತ್ತರ ಮ್ಯಾಸಿಡೋನಿಯಾ, ಸರ್ಬಿಯಾ, ಬಲ್ಗೇರಿಯಾ, ಗ್ರೀಸ್, ಇವುಗಳ ಜೊತೆ ಸ್ಲೊವೇನಿಯಾ, ರೊಮೇನಿಯಾನೂ ಸೇರಿಸ್ಕೊಳ್ತಾರೆ. ಎರಡು ವಾರದಲ್ಲಿ ಇಷ್ಟೂ ಮುಟ್ಟಿ ಬರ್ಬೋದು, ಆದ್ರೆ ಆಗ ನೀವು ನೋಡೋದು ಹೈವೇ ಮತ್ತೆ ಚೆಕ್‌ಪೋಸ್ಟ್ ಅಷ್ಟೇ. ಮೊದಲ ಸಲ ಹೋಗೋರಿಗೆ ನಾನು ಹೇಳೋದು ಒಂದೇ, ನಾಲ್ಕು ದೇಶ ಸಾಕು: ಕ್ರೊಯೇಷಿಯಾದಿಂದ ಶುರು ಮಾಡಿ ಬೋಸ್ನಿಯಾ, ಮಾಂಟೆನೆಗ್ರೊ, ಉತ್ತರ ಅಲ್ಬೇನಿಯಾ ಸುತ್ತಿ ವಾಪಸ್ ಬನ್ನಿ. ಬೆಟ್ಟ, ಕಣಿವೆ, ಸರೋವರ, ಸಮುದ್ರ ಎಲ್ಲಾ ಈ ಚಿಕ್ಕ ಸುತ್ತಿನಲ್ಲೇ ಸಿಗತ್ತೆ.

ಯಾವ ತಿಂಗಳಲ್ಲಿ ಹೋಗ್ಬೇಕು?

ಜೂನ್ ಇಲ್ಲಾ ಸೆಪ್ಟೆಂಬರ್. ಮೇ ತಿಂಗಳಲ್ಲಿ ಕರಾವಳಿ ಚೆನ್ನಾಗಿರತ್ತೆ ಆದ್ರೆ ಮೇಲೆ ಮಾಂಟೆನೆಗ್ರೊದ ಡೂರ್ಮಿಟೊರ್ ಬೆಟ್ಟಗಳ ಕಡೆ ಪಾಸ್‌ಗಳಲ್ಲಿ, ಅಂದ್ರೆ ಬೆಟ್ಟ ದಾಟೋ ಎತ್ತರದ ದಾರಿಗಳಲ್ಲಿ, ಇನ್ನೂ ಹಿಮ ಇರ್ಬೋದು, ರಸ್ತೆ ಮುಚ್ಚಿರ್ಬೋದು. ಜುಲೈ-ಆಗಸ್ಟ್ ಬೇಡ ಅಂತ್ಲೇ ಹೇಳ್ತೀನಿ, ಯಾಕಂದ್ರೆ ಬೋಸ್ನಿಯಾದ ಮೋಸ್ತಾರ್, ಮಾಂಟೆನೆಗ್ರೊದ ಪೊಡ್ಗೊರಿತ್ಸಾ ಎರಡೂ ಕಡೆ ಮಧ್ಯಾಹ್ನ 35 ಡಿಗ್ರಿ ದಾಟೋದು ಮಾಮೂಲಿ, ಪೂರ್ತಿ ರೈಡಿಂಗ್ ಜಾಕೆಟ್ ಹಾಕ್ಕೊಂಡು ಸಿಗ್ನಲ್ಲಲ್ಲಿ ನಿಂತ್ರೆ ಬೆಂದು ಹೋಗ್ತೀರ, ಅದರ ಮೇಲೆ ಕರಾವಳಿ ರಸ್ತೆ ಪೂರ್ತಿ ಕ್ಯಾರವಾನ್‌ಗಳದ್ದೇ ಸಾಲು. ಸೆಪ್ಟೆಂಬರಲ್ಲಿ ಸಮುದ್ರ ಇನ್ನೂ ಬೆಚ್ಚಗಿರತ್ತೆ, ಜನ ಕಮ್ಮಿ, ರೂಮ್ ಸುಲಭವಾಗಿ ಸಿಗತ್ತೆ. ಒಂದೇ ದಿನದಲ್ಲಿ ಕೆಳಗೆ 30 ಡಿಗ್ರಿ, ಮೇಲೆ 10 ಡಿಗ್ರಿ ಎರಡೂ ಸಿಗೋದ್ರಿಂದ ಥರ್ಮಲ್ ಮತ್ತೆ ರೇನ್‌ಕೋಟ್ ಬ್ಯಾಗಿನ ತಳದಲ್ಲಿ ಇಡ್ಬೇಡಿ, ಮೇಲೇ ಇಟ್ಕೊಳಿ.

ಸರಿ, ರೂಟ್ ಹೇಳಿ.

ಇದು ನಾನು ಕೇಳಿದವರಿಗೆಲ್ಲಾ ಕೊಡೋ ಸುತ್ತು. ಹತ್ತು ಹನ್ನೆರಡು ದಿನ ಇದ್ರೆ ಆರಾಮಾಗಿ ಆಗತ್ತೆ.

ಕ್ರೊಯೇಷಿಯಾದ ಸ್ಪ್ಲಿಟ್‌ನಿಂದ ಹೊರಟು ಸಮುದ್ರ ಬಿಟ್ಟು ಒಳಗೆ ತಿರುಗಿ, ಇಮೋಟ್ಸ್ಕಿ ಅನ್ನೋ ಊರಲ್ಲಿ ನಿಲ್ಸಿ, ಅಲ್ಲಿ ಸುಣ್ಣಕಲ್ಲು ಕುಸಿದು ಆಗಿರೋ ಎರಡು ಸರೋವರ ಇವೆ, ಕೆಂಪು ಮತ್ತೆ ನೀಲಿ ಅಂತ. ನೀಲಿ ಸರೋವರ ಕೆಲವು ಬೇಸಿಗೆಗಳಲ್ಲಿ ಪೂರ್ತಿ ಒಣಗತ್ತೆ, ಆಗ ಊರವರು ಅದರ ತಳದಲ್ಲಿ ಫುಟ್‌ಬಾಲ್ ಆಡ್ತಾರೆ. ಅಲ್ಲಿಂದ ಬಾರ್ಡರ್ ದಾಟಿ ಮೋಸ್ತಾರ್. ಹಳೇ ಸೇತುವೆ 1566ರಲ್ಲಿ ಕಟ್ಟಿದ್ದು, 1993ರ ನವೆಂಬರಲ್ಲಿ ಯುದ್ಧದಲ್ಲಿ ಶೆಲ್ ಹೊಡೆದು ಬೀಳಿಸಿದ್ರು, 2004ರಲ್ಲಿ ಮತ್ತೆ ಕಟ್ಟಿ ತೆರೆದ್ರು. ಹಗಲಲ್ಲಿ ಬಸ್ಸು ಬಸ್ಸು ಟೂರಿಸ್ಟ್ ಬರ್ತಾರೆ, ರಾತ್ರಿ ಅಲ್ಲೇ ಉಳ್ಕೊಂಡು ಬೆಳಿಗ್ಗೆ ಬೇಗ ಸೇತುವೆ ಮೇಲೆ ನಡೀರಿ.

ಮೋಸ್ತಾರ್‌ನಿಂದ ಸರಯೇವೊಗೆ ಹೋಗೋ ಎಂ17 ರಸ್ತೆ ನೆರೆಟ್ವಾ ನದಿ ಪಕ್ಕದಲ್ಲೇ ಯಾಬ್ಲಾನಿತ್ಸಾ ತನಕ ಕಣಿವೆಯೊಳಗೆ ಸಾಗತ್ತೆ, ನೀರಿನ ಬಣ್ಣ ಹಸಿರು ಅಂದ್ರೆ ಹಸಿರು. ಲಾರಿ ಟ್ರಾಫಿಕ್ ಇರತ್ತೆ, ಓವರ್‌ಟೇಕ್ ಮಾಡೋಕೆ ಅವಸರ ಬೇಡ. ಸರಯೇವೊದಲ್ಲಿ ಒಂದು ದಿನ ಬೈಕ್ ಮುಟ್ಟದೆ ಊರು ನೋಡಿ.

ಅಲ್ಲಿಂದ ಫೋಚಾ ಮೂಲಕ ಮಾಂಟೆನೆಗ್ರೊಗೆ ದಾಟೋ ಷ್ಚೆಪಾನ್ ಪೋಲ್ಯೆ ಬಾರ್ಡರ್. ಫೋಚಾ ಆದ್ಮೇಲೆ ರಸ್ತೆ ಕಿರಿದಾಗತ್ತೆ, ಟಾರು ಅಲ್ಲಲ್ಲಿ ಕಿತ್ತಿರತ್ತೆ, ಎದುರಿಂದ ರಾಫ್ಟಿಂಗ್ ವ್ಯಾನ್‌ಗಳು ಬರ್ತಿರ್ತವೆ. ಬಾರ್ಡರ್ ದಾಟಿದ ತಕ್ಷಣ ಪೀವಾ ಕಣಿವೆ ಶುರು, ಬಂಡೆ ಕೊರೆದು ಮಾಡಿರೋ ಸುರಂಗಗಳು ಒಂದಾದ ಮೇಲೊಂದು. ಇಲ್ಲಿ ಸ್ವಲ್ಪ ಹುಷಾರು. ಹೊರಗೆ ಕಣ್ಣು ಕುಕ್ಕೋ ಬಿಸಿಲು, ಒಳಗೆ ಲೈಟಿಲ್ಲದ ಕತ್ತಲು, ಸುರಂಗದ ಬಾಯಿ ದಾಟಿದ ಮೊದಲ ಎರಡು ಮೂರು ಸೆಕೆಂಡು ಕಣ್ಣಿಗೆ ಏನೂ ಕಾಣಲ್ಲ, ಮೇಲಿಂದ ನೀರು ತೊಟ್ಟಿಕ್ಕಿ ನೆಲ ಒದ್ದೆ, ಕೆಲವು ಸುರಂಗ ಒಳಗೇ ತಿರುಗತ್ತೆ. ಕಪ್ಪು ವೈಸರ್ ಹಾಕಿದ್ರೆ ಸುರಂಗಕ್ಕೆ ಮುಂಚೆನೇ ಎತ್ತಿ, ಸ್ಪೀಡ್ ಹೊರಗೇ ಇಳಿಸಿ, ಒಳಗೆ ಹೋಗಿ ಬ್ರೇಕ್ ಹಿಡಿಯೋದಲ್ಲ.

ಪ್ಲೂಝಿನೆ ಊರಿಗೆ ಬರೋ ಸ್ವಲ್ಪ ಮುಂಚೆ ಎಡಕ್ಕೆ ಒಂದು ಚಿಕ್ಕ ರಸ್ತೆ ಸುರಂಗದೊಳಗೆ ಹತ್ತತ್ತೆ, ಅದೇ ಪಿ14, ಟ್ರ್ಸಾ ಅನ್ನೋ ಹಳ್ಳಿ ಮೂಲಕ ಝಾಬ್ಲ್ಯಾಕ್‌ಗೆ. ಇಡೀ ಟ್ರಿಪ್ಪಲ್ಲಿ ಒಂದೇ ರಸ್ತೆ ಆರಿಸ್ಕೊ ಅಂದ್ರೆ ನಾನು ಇದನ್ನೇ ಆರಿಸ್ಕೊಳ್ತೀನಿ. ಸುಮಾರು 50 ಕಿ.ಮೀ ಅಷ್ಟೇ, ಒಂದು ಕಾರು ಹೋಗೋಷ್ಟು ಅಗಲ, ಸೆಡ್ಲೊ ಪಾಸ್ 1907 ಮೀಟರ್ ಎತ್ತರ. ಮರಗಳು ಮುಗಿದು ಬರೀ ಹುಲ್ಲು, ಹುಲ್ಲಿನ ಮಧ್ಯ ಮಡಿಚಿಟ್ಟ ಹಾಗೆ ಪದರ ಪದರ ಬಂಡೆ ಬೆಟ್ಟ, ಅಲ್ಲೊಂದು ಇಲ್ಲೊಂದು ಕುರಿ ಕಾಯೋರ ಮರದ ಮನೆ. ಬ್ಯಾರಿಕೇಡ್ ಬಹಳ ಕಡೆ ಇಲ್ಲ. ಗೂಗಲ್ ಒಂದೂಕಾಲು ಗಂಟೆ ಅಂದ್ರೆ ನೀವು ಅರ್ಧ ದಿನ ಇಟ್ಕೊಳಿ. ಮಳೆ ಮೋಡ ಇದ್ರೆ ಝಾಬ್ಲ್ಯಾಕ್‌ಗೆ ದೊಡ್ಡ ರಸ್ತೆಲೇ ಸುತ್ತಿ ಹೋಗಿ, ಮಂಜಲ್ಲಿ ಅಲ್ಲಿ ನೋಡೋಕೇನೂ ಇರಲ್ಲ, ಅಪಾಯ ಮಾತ್ರ ಇರತ್ತೆ.

ಝಾಬ್ಲ್ಯಾಕ್‌ನಿಂದ ಇಳಿದ್ರೆ ಜುರ್ಜೆವಿಚಾ ತಾರಾ ಸೇತುವೆ, 1937ರಿಂದ 1940ರಲ್ಲಿ ಕಟ್ಟಿದ ಕಾಂಕ್ರೀಟ್ ಕಮಾನು, ನದಿಯಿಂದ 172 ಮೀಟರ್ ಮೇಲೆ. 1942ರಲ್ಲಿ ಇಟಾಲಿಯನ್ ಸೈನ್ಯ ಮುಂದೆ ಬರಬಾರದು ಅಂತ ಪಾರ್ಟಿಸಾನರು ಅನ್ನೋ ಯುಗೊಸ್ಲಾವ್ ಗೆರಿಲ್ಲಾ ಹೋರಾಟಗಾರರು ಇದರ ಒಂದು ಕಮಾನನ್ನ ಸಿಡಿಸಿದ್ರು, ಆಮೇಲೆ 1946ರಲ್ಲಿ ರಿಪೇರಿ ಆಯ್ತು. ಅಲ್ಲಿಂದ ತಾರಾ ಕಣಿವೆ ಪಕ್ಕದಲ್ಲೇ ಮೊಯ್ಕೊವಾತ್ಸ್, ಮುಂದೆ ಪ್ಲಾವ್, ಗುಸಿನ್ಯೆ. ಗುಸಿನ್ಯೆ ಹತ್ರ ಒಂದು ಪುಟ್ಟ ಬಾರ್ಡರ್ ದಾಟಿದ್ರೆ ಅಲ್ಬೇನಿಯಾದ ವೆರ್ಮೋಶ್, ಅಲ್ಲಿಂದ ಎಸ್‌ಎಚ್20 ಹಿಡಿದು ಕೆಳಗೆ ಶ್ಕೋಡರ್ ಕಡೆ. ಈ ರಸ್ತೆ ಈಗ ಪೂರ್ತಿ ಟಾರು, ಕೊನೆಯಲ್ಲಿ ರ್ರಾಪ್ಶ್ ತಿರುವುಗಳು ಸಾಲಾಗಿ ಕಣಿವೆಗೆ ಇಳೀತವೆ, ಮೇಲೆ ವ್ಯೂಪಾಯಿಂಟಲ್ಲಿ ನಿಂತ್ರೆ ನೀವು ಈಗ ಓಡಿಸೋ ರಸ್ತೆ ಪೂರ್ತಿ ಒಂದೇ ನೋಟಕ್ಕೆ ಕಾಣತ್ತೆ.

ವಾಪಸ್ ಬರೋವಾಗ ಶ್ಕೋಡರ್ ಸರೋವರದ ದಕ್ಷಿಣ ದಂಡೆ ಹಿಡಿದು ವಿರ್ಪಾಜಾರ್, ಚೆಟಿನ್ಯೆ, ನ್ಯೆಗುಷಿ, ಅಲ್ಲಿಂದ ಕೋಟೋರ್ ಕೊಲ್ಲಿಗೆ ಇಳಿಯೋ ಹಳೇ ರಸ್ತೆ. ಆಗುಂಬೆ ಘಾಟಿ 14 ಹೇರ್‌ಪಿನ್ ಹತ್ತಿ ಇಳಿದವರಿಗೆ ಇದರ ಅಂದಾಜು ಸಿಗತ್ತೆ, ಇಲ್ಲಿ 25 ಇವೆ, ಕಾಡಿನ ಮರೆ ಇಲ್ಲ, ಕೆಳಗೆ ಉದ್ದಕ್ಕೂ ನೀಲಿ ಕೊಲ್ಲಿ. ಹಗಲಲ್ಲಿ ಟೂರ್ ಬಸ್‌ಗಳು ಹತ್ತೋಕೆ ಶುರು ಮಾಡಿದ್ರೆ ತಿರುವಲ್ಲಿ ರಿವರ್ಸ್ ಹೊಡಿಯೋ ಪರಿಸ್ಥಿತಿ, ಬೆಳಿಗ್ಗೆ ಏಳು ಗಂಟೆ ಒಳಗೆ ಅಲ್ಲಿರಿ. ಕೋಟೋರ್‌ನಿಂದ ಬೋಸ್ನಿಯಾದ ಟ್ರೆಬಿನ್ಯೆ ಮೂಲಕ ಡುಬ್ರೋವ್ನಿಕ್, ಆಮೇಲೆ ಕರಾವಳಿ ರಸ್ತೆ ಡಿ8ರಲ್ಲಿ ಸ್ಪ್ಲಿಟ್. 2022ರಲ್ಲಿ ಪೆಲ್ಯೆಶಾತ್ಸ್ ಸೇತುವೆ ತೆರೆದಿದ್ರಿಂದ ಈಗ ಮಧ್ಯದಲ್ಲಿ ಬೋಸ್ನಿಯಾದ ನೆಯುಮ್ ಊರಿಗೆ ಬಾರ್ಡರ್ ದಾಟಿ ಹೋಗ್ಬೇಕಾಗಿಲ್ಲ.

ದಿನಕ್ಕೆ ಎಷ್ಟು ಕಿಲೋಮೀಟರ್ ಇಟ್ಕೊಳ್ಳೋದು?

ಬೆಟ್ಟದ ದಿನ 150ರಿಂದ 200. ಮ್ಯಾಪ್ ಮೇಲೆ ಕಿ.ಮೀ ನೋಡ್ಬೇಡಿ, ಗಂಟೆ ನೋಡಿ, ಅದಕ್ಕೆ ಅರ್ಧ ಸೇರಿಸಿ. ಸರಾಸರಿ ಗಂಟೆಗೆ 40-50 ಕಿ.ಮೀ ಬಂದ್ರೆ ಒಳ್ಳೇ ಓಟ. ಒಂದೇ ದಿನ ಎರಡು ಬಾರ್ಡರ್ ಇದ್ರೆ ಇನ್ನೂ ಕಮ್ಮಿ ಮಾಡಿ. ಮೂರ್ನಾಲ್ಕು ದಿನಕ್ಕೊಂದು ಪೂರ್ತಿ ರಜಾ ದಿನ ಇಡಿ, ಮಳೆ ಬಂದ್ರೆ ಆ ದಿನಾನೇ ನಿಮ್ಮನ್ನ ಕಾಪಾಡೋದು.

ಇಂಡಿಯನ್ ಪಾಸ್‌ಪೋರ್ಟ್ ಇದ್ರೆ ವೀಸಾ ಹೇಗೆ?

ಕ್ರೊಯೇಷಿಯಾ 2023ರ ಜನವರಿ 1ರಿಂದ ಶೆಂಗೆನ್, ಅಂದ್ರೆ ಒಂದೇ ವೀಸಾದಲ್ಲಿ ಸುತ್ತೋಕಾಗೋ ಯುರೋಪಿನ ದೇಶಗಳ ಗುಂಪಿನ ಒಳಗೆ. ಬೋಸ್ನಿಯಾ, ಮಾಂಟೆನೆಗ್ರೊ, ಅಲ್ಬೇನಿಯಾ ಹೊರಗೆ. ಅಂದ್ರೆ ಮೇಲಿನ ಸುತ್ತಲ್ಲಿ ನೀವು ಶೆಂಗೆನ್‌ನಿಂದ ಹೊರಗೆ ಹೋಗಿ ಮತ್ತೆ ಒಳಗೆ ಬರ್ತೀರ, ಹಾಗಾಗಿ ಸಿಂಗಲ್ ಎಂಟ್ರಿ ವೀಸಾದಲ್ಲಿ ಹೊರಟ್ರೆ ವಾಪಸ್ ಬರೋ ಬಾಗಿಲೇ ಮುಚ್ಚಿಹೋಗತ್ತೆ. ಮಲ್ಟಿಪಲ್ ಎಂಟ್ರಿ ಶೆಂಗೆನ್ ವೀಸಾನೋ ಇಲ್ಲಾ ಜರ್ಮನಿ ಥರ ದೇಶದ ರೆಸಿಡೆನ್ಸ್ ಪರ್ಮಿಟ್ಟೋ ಇದ್ರೆ ಈ ಮೂರೂ ದೇಶ ಬೇರೆ ವೀಸಾ ಕೇಳದೆ ಸ್ವಲ್ಪ ದಿನಕ್ಕೆ ಒಳಗೆ ಬಿಡ್ತವೆ. ಅಲ್ಬೇನಿಯಾಗೆ ಮಾತ್ರ ಆ ವೀಸಾನ ಒಮ್ಮೆಯಾದ್ರೂ ಶೆಂಗೆನ್‌ನಲ್ಲಿ ಬಳಸಿರ್ಬೇಕು. ಎಷ್ಟು ದಿನ ಅನ್ನೋದು ದೇಶಕ್ಕೊಂದು ಥರ, ಆಗಾಗ ಬದಲಾಗತ್ತೆ, ಟಿಕೆಟ್ ಮಾಡೋ ಮುಂಚೆ ಆಯಾ ದೇಶದ ವಿದೇಶಾಂಗ ಇಲಾಖೆ ಸೈಟಲ್ಲಿ ನೋಡಿ, ಯೂಟ್ಯೂಬ್ ವಿಡಿಯೋ ನಂಬ್ಕೊಂಡು ಹೋಗ್ಬೇಡಿ. ಸರ್ಬಿಯಾ ಮೊದಲು ನಮಗೆ ವೀಸಾ ಇಲ್ಲದೆ ಬಿಡ್ತಿತ್ತು, 2023ರಿಂದ ಅದು ನಿಂತಿದೆ.

ಇನ್ನೊಂದು, 2025ರ ಅಕ್ಟೋಬರಿಂದ ಶೆಂಗೆನ್ ಬಾರ್ಡರಲ್ಲಿ ಬೆರಳಚ್ಚು, ಫೋಟೋ ತಗೊಳ್ಳೋ ಹೊಸ ಪದ್ಧತಿ ಶುರುವಾಗಿದೆ, ರೆಸಿಡೆನ್ಸ್ ಪರ್ಮಿಟ್ ಇರೋರಿಗೆ ಅದು ಬೇಡ, ಬೆಂಗಳೂರಿಂದ ಬರೋರಿಗೆ ಬೇಕು. ಬಾರ್ಡರಿಗೆ ಸ್ವಲ್ಪ ಜಾಸ್ತಿ ಟೈಮ್ ಇಟ್ಕೊಳಿ.

ಇನ್ಶೂರೆನ್ಸ್ ಪೇಪರ್ ಏನೇನು ಬೇಕು?

ರೂಟ್‌ಗಿಂತ ಇದು ಮುಖ್ಯ ಅಂತ ನನ್ನ ಅಭಿಪ್ರಾಯ. ಗ್ರೀನ್ ಕಾರ್ಡ್ ಅಂತ ಒಂದಿದೆ, ಬೇರೆ ದೇಶದಲ್ಲಿ ನಿಮ್ಮ ಗಾಡಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇದೆ ಅನ್ನೋ ಪುರಾವೆ, ಈಗ ಬಿಳಿ ಪೇಪರ್ ಮೇಲೂ ಪ್ರಿಂಟ್ ಆಗಿ ಬರತ್ತೆ. ಅದರಲ್ಲಿ ಚೌಕ ಚೌಕವಾಗಿ ದೇಶಗಳ ಕೋಡ್ ಇರತ್ತೆ, ಯಾವ ಕೋಡ್ ಮೇಲೆ ಗೆರೆ ಎಳೆದಿದಾರೋ ಆ ದೇಶದಲ್ಲಿ ನಿಮಗೆ ಕವರ್ ಇಲ್ಲ. ಬಾಡಿಗೆ ಬೈಕ್ ತಗೊಳ್ಳೋವಾಗ ಕೌಂಟರಲ್ಲೇ ನಿಂತು ಆ ಚೌಕಗಳನ್ನ ಒಂದೊಂದಾಗಿ ನೋಡಿ, ಅಲ್ಬೇನಿಯಾ, ಬೋಸ್ನಿಯಾ, ಮಾಂಟೆನೆಗ್ರೊ ಮೂರರ ಮೇಲೂ ಗೆರೆ ಇರಬಾರದು. ಬೈಕಿನ ಒರಿಜಿನಲ್ ಆರ್‌ಸಿ, ಮಾಲೀಕರು ಬಾರ್ಡರ್ ದಾಟೋಕೆ ಕೊಟ್ಟಿರೋ ಅನುಮತಿ ಪತ್ರ ಎರಡೂ ಕೈಲಿರ್ಲಿ. ಜೊತೆಗೆ ನಿಮ್ಮ ಟ್ರಾವೆಲ್ ಇನ್ಶೂರೆನ್ಸ್ ಪಾಲಿಸಿ ಪೂರ್ತಿ ಓದಿ, ಬಹಳಷ್ಟು ಪಾಲಿಸಿಲಿ ದೊಡ್ಡ ಸಿಸಿ ಬೈಕ್ ಓಡಿಸಿ ಬಿದ್ರೆ ಆಸ್ಪತ್ರೆ ಖರ್ಚು ಕೊಡಲ್ಲ ಅಂತ ಬರೆದಿರ್ತಾರೆ. ಅಂಥದ್ದಾದ್ರೆ ಬೇರೆ ಪಾಲಿಸಿ ಹುಡುಕಿ.

ಕೊಸೊವೊ ಸೇರಿಸ್ಬೋದಾ?

ಸೇರಿಸ್ಬೋದು, ಪ್ರಿಜ್ರೆನ್ ಚೆನ್ನಾಗಿರೋ ಊರು, ರುಗೋವಾ ಕಣಿವೆ ಅದ್ಭುತ. ಆದ್ರೆ ಕೊಸೊವೊ ಗ್ರೀನ್ ಕಾರ್ಡ್ ವ್ಯವಸ್ಥೆಲಿಲ್ಲ, ಬಾರ್ಡರಲ್ಲೇ ಇನ್ಶೂರೆನ್ಸ್ ಕೊಳ್ಬೇಕು. ದೊಡ್ಡ ವಿಷಯ ಅಂದ್ರೆ ಸರ್ಬಿಯಾ ಅದನ್ನ ಬೇರೆ ದೇಶ ಅಂತ ಒಪ್ಪಲ್ಲ, ನೀವು ಅಲ್ಬೇನಿಯಾ ಕಡೆಯಿಂದ ಕೊಸೊವೊಗೆ ಹೋಗಿ ಅಲ್ಲಿಂದ ನೇರ ಸರ್ಬಿಯಾಗೆ ದಾಟೋಕೆ ಹೋದ್ರೆ ಅವರ ಲೆಕ್ಕದಲ್ಲಿ ನೀವು ಎಂಟ್ರಿ ಸ್ಟ್ಯಾಂಪ್ ಇಲ್ಲದೆ ಒಳಗೆ ಬಂದೋರು. ಮಾಂಟೆನೆಗ್ರೊ ಇಲ್ಲಾ ಉತ್ತರ ಮ್ಯಾಸಿಡೋನಿಯಾ ಮೂಲಕ ಹೊರಗೆ ಬನ್ನಿ, ತೊಂದ್ರೆ ಇಲ್ಲ.

ಬೈಕ್ ಬಾಡಿಗೆ ತಗೊಳ್ಳೋದಾ, ಇಂಡಿಯಾದಿಂದ ನಮ್ಮ ಗಾಡಿನೇ ಕಳಿಸೋದಾ?

ಎರಡು ವಾರಕ್ಕೆ ಬಾಡಿಗೆನೇ. ನಮ್ಮ ಗಾಡಿ ಕಳಿಸೋದು ಅಂದ್ರೆ ಹಡಗು, ಕಸ್ಟಮ್ಸ್, ದಾರಿಲಿ ಇರಾನ್ ಥರ ದೇಶ ಇದ್ರೆ ಕಾರ್ನೆ ಅನ್ನೋ ಗಾಡಿಯ ಕಸ್ಟಮ್ಸ್ ಪತ್ರ, ವಾರಗಟ್ಟಲೆ ಕಾಯೋದು. ತಿಂಗಳುಗಟ್ಟಲೆ ಸುತ್ತೋರಿಗೆ ಮಾತ್ರ ಅದು ಸರಿ. ಸ್ಪ್ಲಿಟ್, ತಿರಾನಾ, ಸೋಫಿಯಾ, ಬುಕಾರೆಸ್ಟ್ ಎಲ್ಲಾ ಕಡೆ ಬೈಕ್ ಬಾಡಿಗೆಗೆ ಸಿಗತ್ತೆ. 400ರಿಂದ 800 ಸಿಸಿ ಸಾಕು, ಈ ಕಿರಿದಾದ ರಸ್ತೆಗಳಿಗೆ 1250 ಸಿಸಿ ಗಾಡಿ ಭಾರ. ನಮ್ಮ ಹಿಮಾಲಯನ್ ಯುರೋಪಲ್ಲೂ ಮಾರಾಟ ಇದೆ, ಬಾಡಿಗೆಗೆ ಸಿಕ್ರೆ ಕಣ್ಮುಚ್ಚಿ ತಗೊಳಿ, ಕೈಗೆ ಪಳಗಿರೋ ಗಾಡಿ. ಗಾಡಿ ತಗೊಳ್ಳೋವಾಗ ಟೈರು, ಚೈನು, ಬ್ರೇಕ್ ಪ್ಯಾಡು ನೋಡಿ, ಇರೋ ಗೀರುಗಳನ್ನೆಲ್ಲಾ ವಿಡಿಯೋ ಮಾಡ್ಕೊಳಿ, ಡೆಪಾಸಿಟ್ ಕ್ರೆಡಿಟ್ ಕಾರ್ಡಲ್ಲಿ ಹಿಡೀತಾರೆ.

ಲೈಸೆನ್ಸ್ ವಿಷಯ: ಇಂಡಿಯನ್ ಲೈಸೆನ್ಸ್ ಇರೋರು ಆರ್‌ಟಿಓದಲ್ಲಿ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸ್ಕೊಳಿ, ಒಂದು ವರ್ಷ ನಡೆಯತ್ತೆ. ಅದರಲ್ಲಿ ಮೋಟರ್‌ಸೈಕಲ್ ಕ್ಲಾಸಿಗೆ ಸೀಲ್ ಬಿದ್ದಿದೆಯಾ ಅಂತ ಅಲ್ಲೇ ನೋಡಿ, ಬರೀ ಕಾರಿಗೆ ಹಾಕಿ ಕೊಟ್ಟಿದ್ರೆ ಬೈಕ್ ಕೊಡಲ್ಲ.

ಬಲಗಡೆ ಓಡಿಸೋದು ಕಷ್ಟನಾ?

ಟ್ರಾಫಿಕ್ ಇದ್ದಾಗ ಕಷ್ಟ ಇಲ್ಲ, ಮುಂದಿನ ಗಾಡಿ ಹಿಂದೆ ಹೋಗ್ತೀರ. ತಪ್ಪಾಗೋದು ಖಾಲಿ ರಸ್ತೆಲಿ, ಬೆಳಿಗ್ಗೆ ಮೊದಲ ಸಲ ಹೊರಟಾಗ, ಪೆಟ್ರೋಲ್ ಹಾಕ್ಸಿ ಹೊರಗೆ ಬರುವಾಗ, ಫೋಟೋಗೆ ನಿಲ್ಸಿ ಮತ್ತೆ ಹತ್ತಿದಾಗ. ಕೈ ತಾನೇ ಎಡಕ್ಕೆ ಎಳೆಯತ್ತೆ. ಟ್ಯಾಂಕ್ ಮೇಲೆ ಬಲಕ್ಕೆ ಬಾಣದ ಗುರುತಿನ ಸ್ಟಿಕರ್ ಹಚ್ಚಿ. ರೌಂಡಬೌಟಲ್ಲಿ ಎಡಗಡೆಯಿಂದ ಬರೋರಿಗೆ ದಾರಿ ಬಿಡ್ಬೇಕು.

ರಸ್ತೆಲಿ ಯಾವುದಕ್ಕೆ ಹುಷಾರಾಗಿರ್ಬೇಕು?

ಕರಾವಳಿ ಟಾರು ಬಿಸಿಲಿಗೆ, ಟೈರಿಗೆ ಸವೆದು ನುಣುಪಾಗಿರತ್ತೆ, ಮೊದಲ ಮಳೆ ಹನಿ ಬಿದ್ದಾಗ ಜಾರತ್ತೆ. ಬೆಟ್ಟದಲ್ಲಿ ತಿರುವಿನ ಒಳಬದಿಲಿ ಜಲ್ಲಿ ಹರಡಿರತ್ತೆ, ಹಾಗಾಗಿ ಕಾಣದ ತಿರುವಲ್ಲಿ ಬೈಕ್ ಜಾಸ್ತಿ ಬಗ್ಗಿಸ್ಬೇಡಿ. ದನ, ಕುರಿ, ಕುದುರೆ ರಸ್ತೆ ಮೇಲೇ ಇರ್ತವೆ, ಅದು ನಮಗೆ ಹೊಸದಲ್ಲ, ಆದ್ರೆ ಕುರಿ ಕಾಯೋ ನಾಯಿಗಳು ದೊಡ್ಡವು, ಬೈಕ್ ಅಟ್ಟಿಸ್ಕೊಂಡು ಬರ್ತವೆ. ಸ್ಪೀಡ್ ಇಳಿಸಿ, ಹತ್ರ ಬಂದಾಗ ಸಮನಾಗಿ ಎಳೆದು ಮುಂದೆ ಹೋಗಿ, ಕಾಲು ಬೀಸ್ಬೇಡಿ. ಕ್ರೊಯೇಷಿಯಾದ ಸೆನ್ಯ್ ಊರಿನ ಸುತ್ತ ಬೂರಾ ಅನ್ನೋ ಗಾಳಿ ಬೆಟ್ಟದಿಂದ ಸಮುದ್ರದ ಕಡೆ ನುಗ್ಗತ್ತೆ, ಜೋರಿದ್ದಾಗ ಬೈಕ್‌ಗಳಿಗೆ ರಸ್ತೆನೇ ಬಂದ್ ಮಾಡ್ತಾರೆ. ಬಂದ್ ಅಂದ್ರೆ ನಿಲ್ಲಿ, ಕಾಫಿ ಕುಡೀರಿ. ಹಗಲಲ್ಲೂ ಹೆಡ್‌ಲೈಟ್ ಆನ್ ಇರ್ಲಿ.

ಬೋಸ್ನಿಯಾದಲ್ಲಿ ನೆಲಬಾಂಬ್ ಇದೆ ಅಂತಾರೆ, ನಿಜಾನಾ?

ನಿಜ. 1992ರಿಂದ 95ರ ಯುದ್ಧದಲ್ಲಿ ಹೂತಿಟ್ಟಿದ್ದು, ತೆಗೆಯೋ ಕೆಲಸ ಇನ್ನೂ ನಡೀತಿದೆ. ಟಾರು ರಸ್ತೆಲಿ ಹೋಗೋರಿಗೆ ಭಯ ಬೇಡ. ಆದ್ರೆ ಗುರುತಿಲ್ಲದ ಮಣ್ಣಿನ ದಾರಿಗೆ ಬೈಕ್ ಇಳಿಸೋದು, ಪೊದೆ ಹಿಂದೆ ಮೂತ್ರಕ್ಕೆ ಹೋಗೋದು, ಪಾಳು ಬಿದ್ದ ಮನೆ ಒಳಗೆ ಹೋಗಿ ಫೋಟೋ ತೆಗೆಯೋದು ಬೇಡ. ತಲೆಬುರುಡೆ ಇರೋ ಕೆಂಪು ಬೋರ್ಡ್ ಕಂಡ್ರೆ ಬಂದ ದಾರಿಲೇ ವಾಪಸ್. ಟೆಂಟ್ ಹಾಕ್ಬೇಕಂದ್ರೆ ಕ್ಯಾಂಪ್‌ಸೈಟಲ್ಲೇ ಹಾಕಿ.

ಅಲ್ಬೇನಿಯಾದ ಥೆಥ್ ಹಳ್ಳಿ, ಕೋಮನ್ ಸರೋವರದ ಫೆರಿ ಇದಕ್ಕೆ ಸೇರ್ಸೋದು ಹೇಗೆ?

ಎರಡು ದಿನ ಜಾಸ್ತಿ ಇದ್ರೆ ಖಂಡಿತ ಸೇರ್ಸಿ. ಥೆಥ್‌ಗೆ ಶ್ಕೋಡರ್ ಕಡೆಯಿಂದ ಬೋಗಾ ಹಳ್ಳಿ ಮೂಲಕ ಹೋಗೋ ರಸ್ತೆ ಈಗ ಟಾರು ಆಗಿದೆ, ಚಳಿಗಾಲದಲ್ಲಿ ಪಾಸ್ ಹಿಮದಲ್ಲಿ ಮುಚ್ಚಿರ್ಬೋದು, ಬೇಸಿಗೆಲಿ ವ್ಯಾನ್ ಡ್ರೈವರ್‌ಗಳು ಎದುರಿಂದ ಜೋರಾಗಿ ಬರ್ತಾರೆ. ಕೋಮನ್ ಸರೋವರ ಡ್ರಿನ್ ನದಿಗೆ ಅಣೆಕಟ್ಟು ಕಟ್ಟಿದ್ರಿಂದ ಆಗಿದ್ದು, ಫೆರಿ ಕೋಮನ್‌ನಿಂದ ಫಿಯೆರ್ಜಾಗೆ ಸುಮಾರು ಎರಡೂವರೆ ಮೂರು ಗಂಟೆ, ಎರಡೂ ಕಡೆ ಬಂಡೆ ಗೋಡೆ. ಹತ್ತೋ ಜಾಗ ಒಂದು ಸುರಂಗದ ಆಚೆ ಬದಿಲಿರೋ ಚಿಕ್ಕ ಕಟ್ಟೆ, ಗಾಡಿಗಳನ್ನ ಒತ್ತೊತ್ತಾಗಿ ನಿಲ್ಲಿಸ್ತಾರೆ, ಬೈಕ್ ಸೈಡ್‌ಸ್ಟ್ಯಾಂಡಲ್ಲಿ ಗೇರ್ ಹಾಕಿ ನಿಲ್ಸಿ. ಮುಂಗಡ ಬುಕ್ ಮಾಡಿ, ಹಿಂದಿನ ರಾತ್ರಿ ಹತ್ರದಲ್ಲೇ ಉಳ್ಕೊಳಿ, ಯಾಕಂದ್ರೆ ಕೋಮನ್‌ಗೆ ಹೋಗೋ ರಸ್ತೆ ನಿಧಾನದ್ದು.

ಸಸ್ಯಾಹಾರಿಗಳಿಗೆ ಊಟ ಸಿಗತ್ತಾ?

ಮಾಂಸದ ಗ್ರಿಲ್ ನಾಡು ಅಂತ ಹೆದರ್ಬೇಡಿ. ಬೇಕರಿಗಳು ಬೆಳಿಗ್ಗೆನೇ ತೆರೀತವೆ, ಅಲ್ಲಿ ತೆಳು ಹಾಳೆ ಹಿಟ್ಟಿನ ಕಡುಬಿನಂಥ ಪೈ ಸಿಗತ್ತೆ, ಬೋಸ್ನಿಯಾದಲ್ಲಿ ಸಿರ್ನಿತ್ಸಾ ಅಂದ್ರೆ ಚೀಸಿಂದು, ಝೆಲ್ಯಾನಿತ್ಸಾ ಸೊಪ್ಪಿಂದು, ಕ್ರೊಂಪಿರುಷಾ ಆಲೂಗಡ್ಡೆದು. ಬೋಸ್ನಿಯಾದಲ್ಲಿ ಬರೀ ಬುರೆಕ್ ಅಂದ್ರೆ ಮಾಂಸದ್ದೇ ಕೊಡ್ತಾರೆ, ನೆನಪಿರ್ಲಿ. ಸರ್ಬ್, ಮಾಂಟೆನೆಗ್ರೊ ಕಡೆ ಆರ್ಥೊಡಾಕ್ಸ್ ಉಪವಾಸದ ಅಡುಗೆ ಇರತ್ತೆ, ಪೋಸ್ನೊ ಅಂತ ಕೇಳಿದ್ರೆ ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲದ ಊಟ ಕೊಡ್ತಾರೆ, ಮೀನು ಇರ್ಬೋದು ಹಾಗಾಗಿ ಅದನ್ನೂ ಹೇಳಿ. ಪ್ರೆಬ್ರಾನಾತ್ಸ್ ಅಂತ ಓವನಲ್ಲಿ ಬೇಯಿಸಿದ ಬಿಳಿ ಹುರುಳಿಕಾಯಿ ಬೀಜ, ಕೆಂಪು ದಪ್ಪ ಮೆಣಸಿನಕಾಯಿ ಸುಟ್ಟು ಮಾಡೋ ಐವಾರ್, ಜೊತೆಗೆ ಬಿಸಿ ಬ್ರೆಡ್, ಹೊಟ್ಟೆ ತುಂಬತ್ತೆ. ಅಲ್ಬೇನಿಯಾದಲ್ಲಿ ಪಾ ಮಿಶ್, ಉಳಿದ ಕಡೆ ಬೆಜ್ ಮೆಸಾ, ಎರಡಕ್ಕೂ ಮಾಂಸ ಬೇಡ ಅಂತ ಅರ್ಥ. ಖಾರ ಮಾತ್ರ ಕಮ್ಮಿ, ಒಂದು ಚಟ್ನಿಪುಡಿ ಡಬ್ಬಿ ಇಟ್ಕೊಂಡು ಹೋಗಿ.

ದುಡ್ಡು, ಕರೆನ್ಸಿ?

ಕ್ರೊಯೇಷಿಯಾ, ಮಾಂಟೆನೆಗ್ರೊ, ಕೊಸೊವೊದಲ್ಲಿ ಯೂರೊ. ಬೋಸ್ನಿಯಾದಲ್ಲಿ ಮಾರ್ಕ್, ಒಂದು ಯೂರೊಗೆ 1.95583 ಅಂತ ಫಿಕ್ಸ್, ಅಂದ್ರೆ ಲೆಕ್ಕಕ್ಕೆ ಎರಡು ಅಂದ್ಕೊಳಿ. ಅಲ್ಬೇನಿಯಾದಲ್ಲಿ ಲೆಕ್. ಹಳ್ಳಿ ಗೆಸ್ಟ್‌ಹೌಸ್, ಚಿಕ್ಕ ಪೆಟ್ರೋಲ್ ಬಂಕಲ್ಲಿ ಕಾರ್ಡ್ ನಡೆಯಲ್ಲ, ಚಿಲ್ಲರೆ ನೋಟು ಇರ್ಲಿ. ಡುಬ್ರೋವ್ನಿಕ್ ಒಳಗೆ ಉಳ್ಕೊಳ್ಳೋ ಬದಲು ಟ್ರೆಬಿನ್ಯೆಲಿ ಉಳ್ಕೊಂಡ್ರೆ ರೂಮ್ ಖರ್ಚು ತುಂಬಾ ಇಳಿಯತ್ತೆ, ಊರೂ ಪ್ರಶಾಂತ.

ರೊಮೇನಿಯಾದ ಟ್ರಾನ್ಸ್‌ಫಗರಾಶನ್ ಬೆಟ್ಟದ ರಸ್ತೆ ಬಿಟ್ಟು ಬರೋದಾ?

ಅದನ್ನ ಇನ್ನೊಂದು ಟ್ರಿಪ್ಪಿಗೆ ಇಡಿ, ಇದರ ಜೊತೆ ಸೇರ್ಸಿದ್ರೆ ಎರಡೂ ಕೆಡತ್ತೆ. ಬೆಲ್‌ಗ್ರೇಡ್ ಇಲ್ಲಾ ಬುಕಾರೆಸ್ಟ್‌ನಿಂದ ಶುರು ಮಾಡಿ, ಡ್ಯಾನ್ಯೂಬ್ ನದಿಯ ಜೆರ್ದಾಪ್ ಕಣಿವೆ, ಗೊಲುಬಾತ್ಸ್ ಕೋಟೆ, ಆಮೇಲೆ ಟ್ರಾನ್ಸಾಲ್ಪಿನಾ ರಸ್ತೆ 2145 ಮೀಟರ್, ಕೊನೆಗೆ ಟ್ರಾನ್ಸ್‌ಫಗರಾಶನ್ 2042 ಮೀಟರ್. ಇದನ್ನ ರೊಮೇನಿಯಾದ ಸರ್ವಾಧಿಕಾರಿ ಚೌಸೆಸ್ಕು ಕಾಲದಲ್ಲಿ 1970ರಿಂದ 74ರಲ್ಲಿ ಸೈನ್ಯದ ಕೈಲಿ ಕಟ್ಟಿಸಿದ್ದು. ಮೇಲಿನ ಭಾಗ ಸಾಮಾನ್ಯವಾಗಿ ಜೂನ್ ಕೊನೆ ತನಕ ಮುಚ್ಚಿರತ್ತೆ, ಅದಕ್ಕೆ ಮುಂಚೆ ಹೋಗಿ ನಿರಾಸೆ ಆಗ್ಬೇಡಿ. ಕರಡಿಗಳು ರಸ್ತೆ ಬದಿಗೇ ಬರ್ತವೆ, ಬೈಕ್ ನಿಲ್ಸಿ ತಿನ್ನೋಕೆ ಕೊಡೋದು, ಸೆಲ್ಫಿ ತೆಗೆಯೋದು ಎರಡೂ ಬೇಡ, 2025ರಲ್ಲಿ ಇಟಲಿಯ ಒಬ್ಬ ಬೈಕರ್ ಹೀಗೇ ಜೀವ ಕಳ್ಕೊಂಡಿದಾರೆ. ರೊಮೇನಿಯಾದಲ್ಲಿ ಕುಡಿದು ಓಡಿಸೋಕೆ ಒಂದು ಹನಿಗೂ ಅನುಮತಿ ಇಲ್ಲ.

ಫೋನ್, ನೆಟ್‌ವರ್ಕ್, ಎಮರ್ಜೆನ್ಸಿ?

ಯುರೋಪಿಯನ್ ಯೂನಿಯನ್ ಸಿಮ್ಮಿನ ಫ್ರೀ ರೋಮಿಂಗ್ ಕ್ರೊಯೇಷಿಯಾ ಬಾರ್ಡರಲ್ಲಿ ಮುಗಿಯತ್ತೆ, ಬೋಸ್ನಿಯಾಗೆ ಕಾಲಿಟ್ಟ ತಕ್ಷಣ ಡೇಟಾ ಆಫ್ ಮಾಡದಿದ್ರೆ ಬಿಲ್ ಏರತ್ತೆ. ಈ ಭಾಗದ ಆರು ದೇಶಗಳ ಮಧ್ಯೆ 2021ರ ಜುಲೈಯಿಂದ ಒಂದೇ ರೋಮಿಂಗ್ ಒಪ್ಪಂದ ಇದೆ, ಹಾಗಾಗಿ ಬೋಸ್ನಿಯಾದಲ್ಲೋ ಮಾಂಟೆನೆಗ್ರೊದಲ್ಲೋ ಒಂದು ಲೋಕಲ್ ಸಿಮ್ ತಗೊಂಡ್ರೆ ಉಳಿದ ಕಡೆನೂ ನಡೆಯತ್ತೆ, ತಗೊಳ್ಳೋವಾಗ ಪ್ಯಾಕಲ್ಲಿ ರೋಮಿಂಗ್ ಡೇಟಾ ಇದೆಯಾ ಅಂತ ಕೇಳಿ. ಪಿ14, ವೆರ್ಮೋಶ್ ಕಡೆ ಸಿಗ್ನಲ್ ಹೋಗತ್ತೆ, ಆಫ್‌ಲೈನ್ ಮ್ಯಾಪ್ ಮುಂಚೆನೇ ಇಳಿಸ್ಕೊಳಿ. ಎಮರ್ಜೆನ್ಸಿಗೆ ಕ್ರೊಯೇಷಿಯಾ, ಮಾಂಟೆನೆಗ್ರೊದಲ್ಲಿ 112, ಬೋಸ್ನಿಯಾದಲ್ಲಿ ಪೊಲೀಸ್ 122, ಆಂಬ್ಯುಲೆನ್ಸ್ 124, ಅಲ್ಬೇನಿಯಾದಲ್ಲಿ ಪೊಲೀಸ್ 129, ಆಂಬ್ಯುಲೆನ್ಸ್ 127. ಬಾಡಿಗೆ ಕೊಟ್ಟವರ ಬ್ರೇಕ್‌ಡೌನ್ ನಂಬರ್, ಇನ್ಶೂರೆನ್ಸ್ ನಂಬರ್, ನಿಮ್ಮ ರಕ್ತದ ಗುಂಪು ಇಷ್ಟನ್ನ ಒಂದು ಚೀಟಿಲಿ ಬರೆದು ಜಾಕೆಟ್ ಜೇಬಲ್ಲಿಡಿ, ಬಿದ್ದಾಗ ಫೋನ್ ಒಡೆದಿರ್ಬೋದು ಇಲ್ಲಾ ಲಾಕ್ ಆಗಿರತ್ತೆ.